ಕುರುಡುಮಲೆಯ ಗಣಪನೂ ಅತ್ತೆಯವರ ಮದ್ದಿನ ಪೆಟ್ಟಿಗೆಯೂ

ಬೆಂಗಳೂರನ್ನು ಬಿಟ್ಟು ಹಳೆಯ ಮದರಾಸು ರಸ್ತೆಯಲ್ಲಿ ಪೂರ್ವಾಭಿಮುಖವಾಗಿ ಹೊರಟರೆ ಹೊಸಕೋಟೆ, ನರಸಾಪುರ, ಕೋಲಾರಗಳನ್ನು ದಾಟಿ ಸುಮಾರು ನೂರು ಕಿಲೋಮೀಟರಿನ ಹೊತ್ತಿಗೆ ಮುಳಬಾಗಿಲು ಸಿಕ್ಕುತ್ತದೆ. ‘ಮೂಡಲ ಬಾಗಿಲು’ ಎಂಬುದೇ ಮುಳಬಾಗಿಲಾಯಿತೆಂದು ಹಿರಿಯರ ಮಾತು. ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ ಊರು ಅದು. ಶ್ರೀಪಾದರಾಜರ ಬೃಂದಾವನವಿರುವ ನರಸಿಂಹತೀರ್ಥ ಊರ ಮಗ್ಗುಲಲ್ಲೇ ಇದೆ. ಇನ್ನು ದೋಸೆಯ ವಿಷಯವನ್ನಂತೂ ನಾನು ಹೇಳಬೇಕಾಗಿಲ್ಲ. ಅಲ್ಲಿಂದ ಹತ್ತು ಕಿಲೋಮೀಟರಿನಷ್ಟು ಒಳಗೆ ಹೋದರೆ, ಯಾರೋ ಎತ್ತಿ ಒಂದರ ಮೇಲೊಂದು ಪೇರಿಸಿಟ್ಟಂತಿರುವ ಗುಂಡುಬಂಡೆಗಳ ಗುಡ್ಡದ ಮಡಿಲಲ್ಲಿ ಕುರುಡುಮಲೆ ಎಂಬ ಹಳ್ಳಿ ಇರುವುದು.

ಕಳೆದ ಮಾಘಮಾಸದ ಒಂದು ಭಾನುವಾರ ನಾವು ಸಂಸಾರಸಮೇತರಾಗಿ ಅಲ್ಲಿಗೆ ಹೊರಟೆವು. ಮಗ, ಸೊಸೆ, ಅವರ ಎಂಟು ತಿಂಗಳ ಕೂಸು, ನಾನು, ನನ್ನಾಕೆ, ಮತ್ತು ಎಲ್ಲರಿಗಿಂತ ಮೊದಲು ಸ್ನಾನ ಮುಗಿಸಿ ಬಾಗಿಲಲ್ಲಿ ಕಾದು ನಿಂತಿದ್ದ ನಮ್ಮ ಸೋದರತ್ತೆ. ಅವರಿಗೆ ಈಗ ಎಂಬತ್ತಾರು ವರ್ಷ. ಹರಕೆಯೂ ಅವರದೇ. ಮೊಮ್ಮಗ ಸುಖವಾಗಿ ಭೂಮಿಗೆ ಬಂದರೆ ಕುರುಡುಮಲೆ ಗಣಪನಿಗೆ ಒಪ್ಪಿಸಿಕೊಂಡು ಬರುತ್ತೇನೆಂದು ಹೊತ್ತಿದ್ದರಂತೆ. ಅತ್ತೆಯವರ ತವರು ಮುಳಬಾಗಿಲಿನ ಆಸುಪಾಸಿನ ಒಂದು ಹಳ್ಳಿ. ಆ ಸೀಮೆಯಲ್ಲಿ ಗಣಪನಿಗೆ ಹೇಳದೆ ಯಾವ ಕೆಲಸವನ್ನೂ ಪ್ರಾರಂಭಿಸುವವರಿಲ್ಲ. ಚುನಾವಣೆ ಬಂದಿತೆಂದರೆ ದೊಡ್ಡ ದೊಡ್ಡ ರಾಜಕಾರಣಿಗಳೂ ಪ್ರಚಾರದ ಮೊದಲ ತೆಂಗಿನಕಾಯಿಯನ್ನು ಇಲ್ಲಿಯೇ ಒಡೆಯುವುದು ವಾಡಿಕೆ.

ಅತ್ತೆಯವರ ಕಂಕುಳಲ್ಲಿ ಅವರ ಮದ್ದಿನ ಪೆಟ್ಟಿಗೆ ಇದ್ದಿತು. ಹಲಸಿನ ಮರದ, ಮೊಳದುದ್ದದ ಪುಟ್ಟ ಪೆಟ್ಟಿಗೆ. ಅದಿಲ್ಲದೆ ಅವರು ಪಕ್ಕದ ಬೀದಿಗೂ ಹೋಗುವವರಲ್ಲ. ನಾಲ್ಕು ದಶಕಗಳ ಕಾಲ ಹುಡುಗರಿಗೆ ಔಷಧಶಾಸ್ತ್ರದ ಪಾಠ ಹೇಳಿ ನಿವೃತ್ತನಾದ ನನಗೆ ಆ ಪೆಟ್ಟಿಗೆಯನ್ನು ಕಂಡರೆ ಸದಾ ಒಂದು ಕುಚೋದ್ಯ. “ಅತ್ತೆ, ನಿಮ್ಮ ಅಳಲೆಕಾಯಿ ಪಂಡಿತರ ಆಸ್ಪತ್ರೆಯೂ ಬಂತೇ?” ಎಂದೆ. “ನಿನ್ನ ಕಾಲೇಜಿಗಿಂತ ಹಳೇದು ಕಣಪ್ಪಾ ಇದು, ಬರದೆ ಇರುತ್ತಾ?” ಎಂದು ಅವರು ಕಾರನ್ನೇರಿ ಕುಳಿತರು.

ಕಾರಿನಲ್ಲಿ ಒಂದು ಸೀಸೆ

ಹೊಸಕೋಟೆ ದಾಟುತ್ತಲೇ ಕೂಸು ಅಳಲು ತೊಡಗಿತು. ಹಾಲು, ಗಿಲಕಿ, ಹಾಡು, ಯಾವುದಕ್ಕೂ ಜಗ್ಗಲಿಲ್ಲ. ಸೊಸೆ ತನ್ನ ಕೈಚೀಲದಿಂದ ಸಣ್ಣದೊಂದು ಸೀಸೆಯನ್ನು ತೆಗೆದಳು. ಹಿಂದೊಮ್ಮೆ ನೆಗಡಿಯಾದಾಗ ಔಷಧದ ಅಂಗಡಿಯವನು ಕೊಟ್ಟಿದ್ದ ಸಿಹಿಯಾದ ಸಿರಪ್ಪು.

ಅತ್ತೆಯವರು ಕೇಳಿದರು: “ಮಗೂಗೆ ನೆಗಡಿ ಆಗಿದೆಯೇನಮ್ಮಾ?”

“ಇಲ್ಲ ಅಜ್ಜಿ. ಇದನ್ನ ಸ್ವಲ್ಪ ಕೊಟ್ಟರೆ ಹಾಯಾಗಿ ನಿದ್ದೆ ಮಾಡುತ್ತೆ. ದಾರಿಯುದ್ದಕ್ಕೂ ತೊಂದರೆ ಇರಲ್ಲ.”

“ನಿದ್ದೆ ಬರಿಸುವ ಮದ್ದೇ?”

“ಮದ್ದು ನೆಗಡಿದು ಅಜ್ಜಿ. ನಿದ್ದೆ ಅದರ ಜೊತೆಗೆ ಬರುತ್ತೆ, ಅಷ್ಟೆ.”

ಅತ್ತೆಯವರು ಕೈ ಚಾಚಿ ಸೀಸೆಯನ್ನು ತೆಗೆದುಕೊಂಡರು; ಮತ್ತೆ ಕೊಡಲಿಲ್ಲ. “ಅಳಲಿ ಬಿಡಮ್ಮಾ. ಅತ್ತ ಮಗು ಉಳಿದುಕೊಳ್ಳುತ್ತೆ” ಎಂದಿಷ್ಟೇ ಹೇಳಿ ಕಿಟಕಿಯ ಕಡೆಗೆ ಮುಖ ತಿರುಗಿಸಿದರು. ಸೊಸೆಯ ಮುಖ ಬಾಡಿತು. ನನಗೂ ಆಶ್ಚರ್ಯವೆನಿಸಿತು. ಮನೆಮದ್ದೆಂದರೆ ಎಲ್ಲರ ಬಾಯಿಗೂ ಸುರಿಯುವ ಅತ್ತೆಯವರು ಇಂದು ಹೀಗೇಕೆ? ಕೋಲಾರದ ಟೊಮೇಟೊ ಹೊಲಗಳು, ಕೆರೆಯ ಏರಿಗಳು, ಈಚಲು ಮರಗಳು ಹಿಂದೆ ಸರಿದವು. ಕೂಸು ಮಾತ್ರ ಮುಳಬಾಗಿಲಿನವರೆಗೂ ತನ್ನ ಸಂಗೀತವನ್ನು ನಿಲ್ಲಿಸಲಿಲ್ಲ.

ಇಪ್ಪತ್ತೊಂದು ಪತ್ರೆಗಳು

ಕುರುಡುಮಲೆಯ ಗಣಪ ಒಂದೇ ಕಲ್ಲಿನಲ್ಲಿ ಮೂಡಿದ ಸುಮಾರು ಹದಿಮೂರೂವರೆ ಅಡಿ ಎತ್ತರದ ಮೂರ್ತಿ. ಹೊಸ್ತಿಲು ದಾಟಿ ತಲೆಯೆತ್ತಿದರೆ ಗರ್ಭಗುಡಿಯ ಮಬ್ಬಿನೊಳಗಿಂದ ಕಪ್ಪು ಕಲ್ಲಿನ ಆ ದೊಡ್ಡ ಹೊಟ್ಟೆ, ಆ ಮೇಲೆ ಸೊಂಡಿಲು, ಆಮೇಲೆ ಮಂಗಳಾರತಿಯ ಬೆಳಕು ಏರಿದಂತೆಲ್ಲ ಕಣ್ಣುಗಳು ಕಾಣಿಸಿಕೊಳ್ಳುತ್ತವೆ. ಬ್ರಹ್ಮ, ವಿಷ್ಣು, ಮಹೇಶ್ವರರೇ ಕೂಡಿ ಈತನನ್ನು ಇಲ್ಲಿ ಪ್ರತಿಷ್ಠಿಸಿದರೆಂದೂ, ದೇವತೆಗಳು ಕೂಡಿದ ಮಲೆಯಾದ್ದರಿಂದ ‘ಕೂಡುಮಲೆ’ ಎಂಬ ಹೆಸರು ಬಂದು, ಅದೇ ಜನರ ಬಾಯಲ್ಲಿ ಕುರುಡುಮಲೆಯಾಯಿತೆಂದೂ ಸ್ಥಳಪುರಾಣ. ಬಯಲಿನಲ್ಲಿದ್ದ ದೇವರಿಗೆ ಗುಡಿ ಕಟ್ಟಿಸಿದವನು ವಿಜಯನಗರದ ಕೃಷ್ಣದೇವರಾಯನೆಂದು ಊರವರು ಹೇಳುತ್ತಾರೆ. ಅದೆಲ್ಲ ಹೇಗೇ ಇರಲಿ, ಆ ಎತ್ತರದ ಎದುರು ನಿಂತಾಗ ನನ್ನಂಥ ಪುಸ್ತಕದ ಹುಳುವಿಗೂ ಕೈ ತಾನಾಗಿಯೇ ಜೋಡಿಸಿಕೊಂಡಿತೆಂಬುದು ನಿಜ. ಕೂಸಂತೂ ಗಂಟೆಯ ನಾದಕ್ಕೆ ಬೆರಗಾಗಿ, ಅಳುವುದನ್ನು ಮರೆತು ಬಾಯ್ತೆರೆದುಕೊಂಡಿತು.

ದೇವಸ್ಥಾನದ ಹೊರಗೆ ಹೆಂಗಸೊಬ್ಬಳು ಗರಿಕೆಯನ್ನೂ ಎಕ್ಕದ ಹೂವಿನ ಹಾರವನ್ನೂ ಮಾರುತ್ತಿದ್ದಳು. ಅದನ್ನು ಕಂಡಾಗ ಭಾದ್ರಪದ ಚೌತಿಯ ಪತ್ರಪೂಜೆ ನೆನಪಾಯಿತು. ಅಂದು ಗಣಪನಿಗೆ ಅರ್ಪಿಸುವ ಇಪ್ಪತ್ತೊಂದು ಪತ್ರೆಗಳನ್ನು ನಮ್ಮ ಓದುಗ ಸೋದರಿಯರು ಬಲ್ಲರು. ಮಾಚೀಪತ್ರೆ, ಬಿಲ್ವ, ತುಳಸಿ, ಮಾವು, ದಾಳಿಂಬೆ, ಬನ್ನಿ, ಅರಳಿಗಳ ನಡುವೆ ದತ್ತೂರವೂ ಕರವೀರವೂ ಅರ್ಕವೂ ಇವೆ. ಎಂದರೆ ಉಮ್ಮತ್ತಿ, ಕಣಗಿಲೆ ಮತ್ತು ಎಕ್ಕ. ಭಾರತ ಸರ್ಕಾರದ 1945ರ ಔಷಧ ನಿಯಮಾವಳಿಯಲ್ಲಿ ಇ(1) ಎಂಬ ಒಂದು ಅನುಸೂಚಿಯಿದೆ. ಆಯುರ್ವೇದ ಮತ್ತಿತರ ದೇಶೀಯ ವೈದ್ಯಗಳಲ್ಲಿ ಬಳಕೆಯಾಗುವ ವಿಷದ್ರವ್ಯಗಳ ಪಟ್ಟಿ ಅದು. ಅಫೀಮು, ಭಂಗಿ, ವತ್ಸನಾಭಿ, ಗುಲಗಂಜಿ ಮುಂತಾದುವುಗಳ ಸಾಲಿನಲ್ಲಿ ಗಣಪನ ಈ ಮೂರು ಪತ್ರೆಗಳೂ ಕುಳಿತಿವೆ. ಅವು ಸೇರಿದ ಮದ್ದನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆಯನ್ನು ಲೇಬಲ್ಲಿನ ಮೇಲೆ ಮುದ್ರಿಸಬೇಕೆಂದು ಕಾನೂನು. ದೇವರ ಪಾದದ ಮೇಲೆ ಹಾಕಬಹುದು, ನಾಲಿಗೆಯ ಮೇಲೆ ಹಾಕಿಕೊಳ್ಳುವಾಗ ಯೋಚಿಸಬೇಕು ಎಂದು ಇದರ ತಾತ್ಪರ್ಯ.

ಉಮ್ಮತ್ತಿಯ ಕಥೆ ನಮ್ಮ ಈ ಮದರಾಸು ರಸ್ತೆಯ ಕಡೆಯದೇ. ಉಬ್ಬಸದವರು ಉಮ್ಮತ್ತಿಯನ್ನು ಒಣಗಿಸಿ ಚಿಲುಮೆಯಲ್ಲಿಟ್ಟು ಹೊಗೆ ಸೇದುವ ಪದ್ಧತಿ ದಕ್ಷಿಣ ದೇಶದಲ್ಲಿ ಹಿಂದಿನಿಂದಲೂ ಇದ್ದಿತು. ಇದನ್ನು ಮದರಾಸಿನ ಕಂಪೆನಿ ಸರ್ಕಾರದ ಹಿರಿಯ ವೈದ್ಯ ಜೇಮ್ಸ್ ಆಂಡರ್ಸನ್ ಕಂಡು ಮೆಚ್ಚಿದ. 1802ರಲ್ಲಿ ಜನರಲ್ ಜೆಂಟ್ ಎಂಬ ಸೇನಾಧಿಕಾರಿ ಇಂಗ್ಲೆಂಡಿಗೆ ಒಯ್ದ. ಅಲ್ಲಿ ಅದು ಬಹು ಬೇಗ ಹರಡಿತು. ಉಬ್ಬಸದ ಸಿಗರೇಟುಗಳೂ, ತಟ್ಟೆಯಲ್ಲಿ ಸುಟ್ಟು ಹೊಗೆ ಎಳೆದುಕೊಳ್ಳುವ ಪುಡಿಯ ಡಬ್ಬಿಗಳೂ ಹುಟ್ಟಿದವು. ನೂರು ವರ್ಷಕ್ಕೂ ಮಿಕ್ಕಿ ವ್ಯಾಪಾರ ನಡೆಯಿತು. ಉಮ್ಮತ್ತಿಯಲ್ಲಿರುವ ಅಟ್ರೊಪೀನ್ ಬಿಗಿದ ಶ್ವಾಸನಾಳಗಳನ್ನು ಸಡಿಲಿಸುತ್ತದೆಂಬುದು ನಿಜವೇ. ಪ್ರಮಾಣ ಮೀರಿದರೆ ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಮನುಷ್ಯ ಇಲ್ಲದ್ದನ್ನು ಕಂಡು ಬಡಬಡಿಸುತ್ತಾನೆಂಬುದೂ ಅಷ್ಟೇ ನಿಜ. ಇಂದು ವೈದ್ಯರು ಉಬ್ಬಸಕ್ಕೆ ಕೊಡುವ ಇಪ್ರಟ್ರೋಪಿಯಂ ಎಂಬ ಎಳೆದುಕೊಳ್ಳುವ ಔಷಧ ಇದೇ ಅಟ್ರೊಪೀನಿನ ವಂಶದ್ದು. ಆದರೆ ತೂಗಿ ಅಳೆದದ್ದು, ಮಿದುಳಿಗೆ ಸುಲಭವಾಗಿ ಏರದಂತೆ ತಿದ್ದಿದ್ದು.

ಪೆಟ್ಟಿಗೆ ತೆರೆಯಿತು

ಗಣಪನ ದರ್ಶನ ಮುಗಿಸಿ ನಾವು ಊರೊಳಗಿನ ಸೋಮೇಶ್ವರನ ಗುಡಿಗೆ ಬಂದೆವು. ಗಣಪನ ಗುಡಿಗಿಂತ ಇದು ಹಳೆಯದು, ಚೋಳರ ಕಾಲದ್ದು. ಇದರ ಅರ್ಧ ಭಾಗವನ್ನು ಶಿಲ್ಪಿ ಜಕಣಾಚಾರಿಯೂ ಉಳಿದರ್ಧವನ್ನು ಅವನ ಮಗ ಡಂಕಣಾಚಾರಿಯೂ ಕಡೆದರೆಂದು ಐತಿಹ್ಯ. ಒಂದು ಕಡೆಯ ಕೆಲಸ ಸರಳ. ಇನ್ನೊಂದು ಕಡೆಯದು ಸೂಕ್ಷ್ಮ. ಗೋಡೆಯ ನೆರಳಿನಲ್ಲಿ, ಕಲ್ಲಿನ ಸಂದಿನಲ್ಲಿ, ಉಮ್ಮತ್ತಿಯ ಗಿಡವೊಂದು ಬಿಳಿಯ ಹೂ ಬಿಟ್ಟುಕೊಂಡು ನಿಂತಿತ್ತು. ಶಿವನ ಗುಡಿಯಲ್ಲವೇ, ಅದರ ಹಕ್ಕಿನ ಸ್ಥಳ.

ಜಗಲಿಯ ಮೇಲೆ ಕುಳಿತು ಬುತ್ತಿ ಬಿಚ್ಚಿದೆವು. ಕೂಸು ಮತ್ತೆ ಮುಖ ಸಿಂಡರಿಸಿತು. ಅತ್ತೆಯವರು ಪೆಟ್ಟಿಗೆಯನ್ನು ತೆರೆದು ಸಾಣೆಕಲ್ಲನ್ನು ಹೊರತೆಗೆದರು. ಬಜೆಯ ಕೊಂಬು, ಜಾಕಾಯಿ, ಮಾಚಿಕಾಯಿ, ಅಳಲೆಕಾಯಿ, ಅರಿಸಿನದ ಕೊಂಬು, ಉತ್ತುತ್ತೆ ಒಂದೊಂದಾಗಿ ಬಂದವು. ಜೊತೆಗೆ ಬೆಳ್ಳಿಯ ಒಳಲೆ. ನಮ್ಮ ಹಳೆಯ ಮನೆಗಳಲ್ಲೆಲ್ಲ ಕೂಸಿಗೆ ಎಣ್ಣೆನೀರಾದ ಮೇಲೆ ಇವುಗಳನ್ನು ಎದೆಹಾಲಿನಲ್ಲಿ ಒಂದೊಂದು ಸುತ್ತು ತೇದು ನೆಕ್ಕಿಸುತ್ತಿದ್ದುದನ್ನು ಯಾರು ಮರೆತಾರು?

“ಇವುಗಳಲ್ಲೂ ನಿದ್ದೆ ಬರಿಸುವುದಿಲ್ಲವೇ ಅತ್ತೆ?” ಎಂದು ಕೆಣಕಿದೆ. ಹೇಳಿದ್ದು ಕುಚೋದ್ಯಕ್ಕಾದರೂ ಮಾತು ಸುಳ್ಳಲ್ಲ. ಜಾಕಾಯಿಯಲ್ಲಿ ಮಿರಿಸ್ಟಿಸಿನ್ ಎಂಬ ವಸ್ತುವಿದೆ. ಅಡಿಗೆಗೆ ಬಳಸುವ ಚಿಟಿಕೆಯಲ್ಲಿ ನಿರಪಾಯ, ಹೆಚ್ಚಾಗಿ ತಿಂದರೆ ಅಮಲು, ವಾಕರಿಕೆ, ಎದೆ ಡವಗುಟ್ಟುವಿಕೆ. ಬಜೆಯನ್ನು ಆಹಾರಪದಾರ್ಥಗಳಲ್ಲಿ ಸೇರಿಸಬಾರದೆಂದು ಅಮೆರಿಕ ದೇಶವು 1968ರಲ್ಲಿಯೇ ನಿಷೇಧಿಸಿತು. ಕೈ ಹಗುರವಾಗಿದ್ದ ಅಜ್ಜಿಯರ ಒಂದು ಸುತ್ತಿಗೂ ಅವಸರದವರ ಹತ್ತು ಸುತ್ತಿಗೂ ಬಹಳ ಅಂತರವುಂಟು. ಸಾಣೆಕಲ್ಲಿಗೆ ತಕ್ಕಡಿಯ ಬುದ್ಧಿಯಿಲ್ಲ.

ಪೆಟ್ಟಿಗೆಯ ಇನ್ನೊಂದು ಮನೆಯಲ್ಲಿ ಖಾಲಿ ಸೀಸೆಗಳು. ಎಸೆಯಲು ಮನಸ್ಸು ಬಾರದೆ ಅವರು ಇಟ್ಟುಕೊಂಡವು. ನನಗೆ ಅವು ಒಂದು ಪಠ್ಯಪುಸ್ತಕದಂತೆಯೇ ಕಂಡವು.

ಒಂದು ಗ್ರೈಪ್ ವಾಟರಿನದು. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿ ಇದನ್ನು ಹೊರತಂದ. ಸಬ್ಬಸಿಗೆಯ ಎಣ್ಣೆ, ಅಡಿಗೆ ಸೋಡ, ಸಕ್ಕರೆ; ಇವುಗಳ ಜೊತೆಗೆ ಶೇಕಡ 3.6ರಷ್ಟು ಮದ್ಯಸಾರ. ತಾಯಂದಿರು ಮೆಚ್ಚಿದ್ದರಲ್ಲಿ ಆ ಕೊನೆಯ ವಸ್ತುವಿನ ಪಾಲೆಷ್ಟೋ! ಬ್ರಿಟನ್ನಿನಲ್ಲಿ 1992ರಲ್ಲಿ ಅದರಿಂದ ಮದ್ಯಸಾರವನ್ನು ತೆಗೆಸಲಾಯಿತು.

ಇನ್ನೊಂದು ಅತ್ತೆಯವರ ಮಾವನವರ ಕಾಲದ ಕ್ಲೋರೋಡೈನಿನ ಸೀಸೆ. ವಾಂತಿಭೇದಿಗೆ ರಾಮಬಾಣವೆಂದು ಮನೆಮನೆಯಲ್ಲಿಯೂ ಇಡುತ್ತಿದ್ದ ಕಾಲವೊಂದಿತ್ತು. ಭಾರತದಲ್ಲಿ ಸೈನ್ಯದ ವೈದ್ಯನಾಗಿದ್ದ ಕಾಲಿಸ್ ಬ್ರೌನ್ 1848ರಲ್ಲಿ ಕಾಲರಾ ರೋಗಕ್ಕೆಂದು ಇದನ್ನು ಕೂಡಿಸಿದ. ಅದರೊಳಗೆ ಮದ್ಯಸಾರದಲ್ಲಿ ಕರಗಿಸಿದ ಅಫೀಮು, ಗಾಂಜಾದ ಸಾರ, ಕ್ಲೋರೋಫಾರಂ! ಅಫೀಮು ಕರುಳಿನ ಓಟವನ್ನು ನಿಲ್ಲಿಸುವುದರಿಂದ ಭೇದಿ ಕಟ್ಟುತ್ತಿದ್ದುದು ದಿಟ. ಅದರ ಜೊತೆಗೆ ಅಭ್ಯಾಸವೂ ಕಟ್ಟಿಕೊಳ್ಳುತ್ತಿದ್ದಿತು. ಇಂಥವನ್ನು ‘ಪೇಟೆಂಟ್ ಔಷಧ’ ಎನ್ನುತ್ತಿದ್ದರಾದರೂ ಬಹುಪಾಲಿಗೆ ಪೇಟೆಂಟ್ ಇರಲೇ ಇಲ್ಲ. ಪೇಟೆಂಟ್ ಬೇಕಾದರೆ ಒಳಗೇನಿದೆಯೆಂದು ಹೇಳಬೇಕಲ್ಲ! ಗುಟ್ಟೇ ಅವುಗಳ ಬಂಡವಾಳ. 1849ರಿಂದ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಮಿಸೆಸ್ ವಿನ್‌ಸ್ಲೋ ಎಂಬ ಹೆಸರಿನ ಮಕ್ಕಳ ಸಿರಪ್ಪಿನಲ್ಲಿ ಮಾರ್ಫೀನ್ ಇದ್ದಿತು. ಲೇಬಲ್ಲಿನ ಮೇಲೆ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿಯ ಚಿತ್ರವಿದ್ದಿತು. ಅಫೀಮು, ಮಾರ್ಫೀನ್, ಮದ್ಯಸಾರಗಳಿದ್ದರೆ ಲೇಬಲ್ಲಿನಲ್ಲಿ ನಮೂದಿಸಲೇಬೇಕೆಂದು ಆ ದೇಶದ ಕಾಯಿದೆ ಕಡ್ಡಾಯಮಾಡಿದ್ದು 1906ರಲ್ಲಿ. ನಮ್ಮಲ್ಲಿ 1930ರಲ್ಲಿ ಆರ್.ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧ ವಿಚಾರಣಾ ಸಮಿತಿ ಕುಳಿತು, ಅದರ ಫಲವಾಗಿ 1940ರ ಔಷಧ ಕಾಯಿದೆ ಬಂದಿತು. 1954ರಲ್ಲಿ ಮಾಯಾಚಿಕಿತ್ಸೆಗಳ ಜಾಹೀರಾತಿಗೂ ಕಡಿವಾಣ ಬಿದ್ದಿತು.

ಮೂರನೆಯದು ದ್ರಾಕ್ಷಾಸವದ ಸೀಸೆ. ನಮ್ಮ ಆಸವ-ಅರಿಷ್ಟಗಳನ್ನು ಮಾಡುವ ಕ್ರಮ ಬಲು ಹಳೆಯದು. ರಸಕ್ಕೋ ಕಷಾಯಕ್ಕೋ ಬೆಲ್ಲ ಬೆರೆಸಿ, ಧಾತಕಿಯ ಹೂವನ್ನು ಹಾಕಿ, ಪಾತ್ರೆಯ ಬಾಯಿಗೆ ಮಣ್ಣು ಮೆತ್ತಿ ಭತ್ತದ ರಾಶಿಯಲ್ಲೋ ನೆಲದಲ್ಲೋ ತಿಂಗಳೊಪ್ಪತ್ತು ಹೂತಿಡುತ್ತಾರೆ. ಒಳಗೆ ಹುಳಿ ಹಿಡಿದು ಮದ್ಯಸಾರ ತಾನಾಗಿ ಹುಟ್ಟುತ್ತದೆ. ಅದು ಮೂಲಿಕೆಯ ಸತ್ವವನ್ನು ಎಳೆದುಕೊಳ್ಳುತ್ತದೆ, ಮದ್ದು ಕೆಡದಂತೆಯೂ ಕಾಯುತ್ತದೆ. ಹೀಗೆ ಹುಟ್ಟಿದ ಮದ್ಯಸಾರ ಶೇಕಡ 12ನ್ನು ಮೀರಬಾರದೆಂದು ನಿಯಮ. ಚಮಚದ ಲೆಕ್ಕದಲ್ಲಿ ನೀರು ಬೆರೆಸಿ ಕುಡಿದರೆ ದೊಡ್ಡ ಮಾತಲ್ಲ. ಲೋಟದ ಲೆಕ್ಕಕ್ಕೆ ಇಳಿದರೆ ಅದು ಬೀರಿಗಿಂತ ಗಟ್ಟಿ. ಉಬ್ಬಸಕ್ಕೆ ಕೊಡುವ ಕನಕಾಸವದಲ್ಲಂತೂ ಮದ್ಯಸಾರವೂ ಉಮ್ಮತ್ತಿಯೂ ಒಂದೇ ಸೀಸೆಯಲ್ಲಿ ಸಂಸಾರ ಹೂಡಿರುತ್ತವೆ.

ಮೈಸೂರು ರಾಜ್ಯದ ಹಲವು ಜಿಲ್ಲೆಗಳಲ್ಲಿ ಪಾನನಿರೋಧವಿದ್ದು 1967ರಲ್ಲಿ ಅದು ತೆರವಾಯಿತು. ಪಾನನಿರೋಧವಿದ್ದ ಕಡೆಗಳಲ್ಲೆಲ್ಲ ಶುಂಠಿಯ ಟಿಂಕ್ಚರಿಗೂ ಅರಿಷ್ಟಗಳಿಗೂ ಇದ್ದಕ್ಕಿದ್ದಂತೆ ರೋಗಿಗಳು ಹೆಚ್ಚುತ್ತಿದ್ದರು! ಮದ್ಯಸಾರವುಳ್ಳ ಔಷಧಗಳನ್ನು ಇಟ್ಟುಕೊಳ್ಳುವುದೂ ಅಪರಾಧವೇ ಎಂಬ ಪ್ರಶ್ನೆ ಮುಂಬಯಿಯ ಬಾಲ್ಸಾರಾ ಮೊಕದ್ದಮೆಯಲ್ಲಿ ಎದ್ದಾಗ, 1951ರಲ್ಲಿ ಸುಪ್ರೀಂ ಕೋರ್ಟು ಔಷಧವನ್ನು ಹೆಂಡದೊಂದಿಗೆ ಸೇರಿಸಿ ನಿಷೇಧಿಸುವಂತಿಲ್ಲವೆಂದು ತೀರ್ಪಿತ್ತಿತು. ತೀರ್ಪು ಸರಿಯಾದದ್ದೇ. ಆದರೆ ಕುಡಿಯುವ ಆಸೆ ಔಷಧದ ವೇಷ ಹಾಕಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ 1930ರ ಘಟನೆ ಸಾಕ್ಷಿ. ಅಲ್ಲಿನ ಪಾನನಿರೋಧದ ಕಾಲದಲ್ಲಿ ಜಮೈಕಾ ಶುಂಠಿಯ ಸಾರವನ್ನು ಔಷಧದ ಹೆಸರಿನಲ್ಲಿ ಕುಡಿದ ಸಾವಿರಾರು ಬಡವರು, ಅದರಲ್ಲಿ ಬೆರೆಸಿದ್ದ ರಾಸಾಯನಿಕದಿಂದ ಕಾಲಿನ ಸ್ವಾಧೀನ ಕಳೆದುಕೊಂಡರು.

ಇಷ್ಟನ್ನೂ ನಾನು ಮಗನಿಗೂ ಸೊಸೆಗೂ ಪಾಠದಂತೆ ಹೇಳುತ್ತಿದ್ದೆ. ಪಾಠ ಹೇಳುವವರಿಗೆ ಎದುರಿಗಿರುವವರ ಮುಖ ಕಾಣುವುದಿಲ್ಲ. ಅತ್ತೆಯವರು ಸಾಣೆಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು.

ಸುಣ್ಣದ ಡಬ್ಬಿ

ಪೆಟ್ಟಿಗೆಯ ಮೂಲೆಯಲ್ಲಿ ಹೆಬ್ಬೆಟ್ಟಿನಷ್ಟು ದೊಡ್ಡದಾದ ಒಂದು ಹಿತ್ತಾಳೆಯ ಸುಣ್ಣದ ಡಬ್ಬಿಯಿದ್ದಿತು. ಸೊಸೆ ಅದನ್ನು ಎತ್ತಿ, “ಇದರಲ್ಲೇನಿದೆ ಅಜ್ಜಿ?” ಎಂದಳು. ಒಳಗೆ ಏನೂ ಇರಲಿಲ್ಲ.

“ಏನೂ ಇಲ್ಲಮ್ಮಾ. ಮೊದಲು ಅಫೀಮಿತ್ತು” ಎಂದರು ಅತ್ತೆಯವರು.

ಸ್ವಾತಂತ್ರ್ಯ ಬಂದ ಮರುವರ್ಷ. ಅತ್ತೆಯವರಿಗೆ ಆಗ ಒಂಬತ್ತು ವರ್ಷ. ಅವರ ಬೆನ್ನ ಮೇಲೆ ಬಿದ್ದ ಮಕ್ಕಳಲ್ಲಿ ಕಿರಿಯವನಿಗೆ ಏಳು ತಿಂಗಳು. ಕಡಲೆಕಾಯಿ ಕೀಳುವ ಕಾಲ. ತಾಯಿ ಹೊಲಕ್ಕೆ ಹೋಗಲೇಬೇಕು. ತೊಟ್ಟಿಲು ತೂಗುವ ಕೆಲಸ ಈ ಹುಡುಗಿಯದು. ಮಗು ಹಟ ಮಾಡಿದರೆ ಸಾಸಿವೆ ಕಾಳಿನಷ್ಟು ಉಂಡೆಯನ್ನು ಹಾಲಿನಲ್ಲಿ ಕದಡಿ ನಾಲಿಗೆಗೆ ತೋರಿಸೆಂದು ತಾಯಿ ಹೇಳಿಕೊಟ್ಟಿದ್ದರು. ದಿನವೂ ನಡೆಯುತ್ತಿದ್ದುದೇ.

“ಅವತ್ತು ಕೊಟ್ಟೆ. ಅಳು ನಿಲ್ಲಲಿಲ್ಲ. ಇನ್ನೊಂದು ಸಲ ಕೊಟ್ಟೆ. ಆಚೆ ಜಗಲೀಲಿ ಗೆಳತೀರು ಅಳಗುಳಿ ಮಣೆ ಇಟ್ಟುಕೊಂಡು ಕರೀತಿದ್ದರು. ಆಮೇಲೆ ಮಗು ನಿದ್ದೆಹೋಯಿತು. ಎಷ್ಟು ಚೆನ್ನಾಗಿ ಮಲಗಿದೆ ಅಂದುಕೊಂಡು ನಾನು ಆಡೋದಕ್ಕೆ ಹೋದೆ. ಅಮ್ಮ ಸಾಯಂಕಾಲ ಬಂದು ಎತ್ತಿಕೊಂಡಾಗ ಮಗು ತಣ್ಣಗಿತ್ತು.”

ಯಾರೂ ಏನೂ ಅನ್ನಲಿಲ್ಲವಂತೆ. ಬಾಲಗ್ರಹ ಬಡಿಯಿತೆಂದು ಹೇಳಿ ಊರವರು ಸಮಾಧಾನಪಡಿಸಿದರು. ತಾಯಿಯೂ ಹಾಗೆಯೇ ಹೇಳಿದರು. ಸಾಯುವವರೆಗೂ ಹಾಗೆಯೇ ಹೇಳಿದರು. ಆದರೆ ಮರುದಿನ ಆ ಡಬ್ಬಿಯನ್ನು ಹಿತ್ತಿಲ ತಿಪ್ಪೆಗೆ ಎಸೆದರು. ಹುಡುಗಿ ಅದನ್ನು ಹುಡುಕಿ ತೆಗೆದು, ತೊಳೆದು, ಯಾರಿಗೂ ಕಾಣದಂತೆ ಇಟ್ಟುಕೊಂಡಳು.

“ಮನೆಯವರಿಗೂ ಹೇಳಿರಲಿಲ್ಲ. ನನ್ನ ಮಕ್ಕಳಿಗೂ ಹೇಳಿಲ್ಲ. ಇವತ್ತು ಆ ಸೀಸೆ ನೋಡಿದೆನಲ್ಲ...” ಎಂದು ಅವರು ಮಾತನ್ನು ಅಲ್ಲಿಗೇ ನಿಲ್ಲಿಸಿದರು.

ಎಷ್ಟೋ ತಂಡಗಳ ಹುಡುಗರಿಗೆ ನಾನು ಅಫೀಮಿನ ಪಾಠ ಮಾಡಿದ್ದೇನೆ. ಗಸಗಸೆ ಗಿಡದ ಹಸಿಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿ ಅಫೀಮಾಗುತ್ತದೆ. ಅದರಲ್ಲಿ ಸ್ಥೂಲವಾಗಿ ಹತ್ತನೆಯ ಒಂದು ಪಾಲು ಮಾರ್ಫೀನು. ಒಂದು ಉಂಡೆಯ ಸತ್ವ ಇನ್ನೊಂದಕ್ಕಿಲ್ಲ. ಮಾರ್ಫೀನು ಮಿದುಳಿನಲ್ಲಿ ಉಸಿರಾಟವನ್ನು ನಡೆಸುವ ಕೇಂದ್ರವನ್ನೇ ಮಂದಗೊಳಿಸುತ್ತದೆ. ಹಸುಗೂಸುಗಳು ಅದನ್ನು ತಾಳಲಾರವು. ಚರಕ, ಸುಶ್ರುತರಲ್ಲಿ ಅಫೀಮಿಲ್ಲ, ಶಾರ್ಙ್ಗಧರ ಸಂಹಿತೆಯ ವೇಳೆಗೆ ಬಂದಿತು ಎಂದು ಹೇಳಿದ್ದೇನೆ. ಮುಂಬಯಿಯ ಗಿರಣಿಗಳಲ್ಲಿ ದುಡಿಯುವ ತಾಯಂದಿರು ಮಕ್ಕಳಿಗೆ ಅಫೀಮಿನ ‘ಬಾಲಗೋಲಿ’ಯನ್ನು ನುಂಗಿಸಿ ಕೆಲಸಕ್ಕೆ ಹೋಗುತ್ತಿದ್ದುದನ್ನೂ, 1931ರ ರಾಯಲ್ ಕಾರ್ಮಿಕ ಆಯೋಗದ ವರದಿ ಈ ಪಿಡುಗನ್ನು ಎತ್ತಿ ಹೇಳಿದ್ದನ್ನೂ ವಿವರಿಸಿದ್ದೇನೆ. ಸರ್ಕಾರದ ಪರವಾನಗಿ ಪಡೆದ ಅಂಗಡಿಯಲ್ಲಿಯೇ ಅಫೀಮು ಸಿಕ್ಕುತ್ತಿದ್ದ ಕಾಲ ಅದು. ಔಷಧಕ್ಕಲ್ಲದೆ ಅಫೀಮು ತಿನ್ನುವುದನ್ನು ಹತ್ತು ವರ್ಷದಲ್ಲಿ ನಿಲ್ಲಿಸಬೇಕೆಂದು 1949ರಲ್ಲಿ ತೀರ್ಮಾನವಾಗಿ, 1959ರಲ್ಲಿ ಅದು ಕೊನೆಗೊಂಡಿತು. ಈಗಿರುವುದು 1985ರ ಮಾದಕದ್ರವ್ಯಗಳ ಕಾಯಿದೆ. ಇವೆಲ್ಲವೂ ನನಗೆ ಬಾಯಿಪಾಠ. ಆದರೆ ನನ್ನ ಮನೆಯಲ್ಲಿಯೇ, ಪಕ್ಕದ ಕೋಣೆಯಲ್ಲಿಯೇ, ಎಪ್ಪತ್ತೇಳು ವರ್ಷಗಳಿಂದ ಆ ಪಾಠವನ್ನು ಹೊತ್ತುಕೊಂಡು ಓಡಾಡುತ್ತಿದ್ದವರೊಬ್ಬರಿದ್ದಾರೆಂದು ನನಗೆ ತಿಳಿದಿರಲಿಲ್ಲ. ಅವರ ಪೆಟ್ಟಿಗೆಯನ್ನು ಕಂಡು ನಾನು ನಗುತ್ತಿದ್ದೆ.

ಸೊಸೆ ತನ್ನ ಸಿರಪ್ಪಿನ ಸೀಸೆಯನ್ನು ಕೇಳಿ ತೆಗೆದುಕೊಂಡು ನನ್ನ ಕೈಗೆ ಕೊಟ್ಟಳು. “ಮಾವ, ಇದರಲ್ಲಿ ಏನಿದೆ ಓದಿ” ಎಂದಳು. ಅಕ್ಷರಗಳು ಇರುವೆಯಷ್ಟು ಸಣ್ಣವು. ಕನ್ನಡಕ ಸರಿಮಾಡಿಕೊಂಡು ಓದಿದೆ. ಕ್ಲೋರ್‌ಫೆನಿರಮೀನ್, ಫಿನೈಲೆಫ್ರಿನ್. ಮೊದಲನೆಯದು ಅಫೀಮಲ್ಲ, ಮದ್ಯವೂ ಅಲ್ಲ. ನೆಗಡಿಯ ಸೋರಿಕೆಯನ್ನು ತಡೆಯುವ, ಜೊತೆಗೆ ಮಂಪರು ಕವಿಸುವ ಔಷಧ. ಈ ಎರಡರ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲ್ಲಿನಲ್ಲಿ ಎಚ್ಚರಿಕೆ ಮುದ್ರಿಸಬೇಕೆಂದು ನಮ್ಮ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಆದೇಶಿಸಿದ್ದಾರೆ. ಕೂಸಿಗೆ ಎಂಟು ತಿಂ‌ಗಳು. ನಾನು ಓದಿದ್ದನ್ನು ಕೇಳಿ ಸೊಸೆ ಸೀಸೆಯನ್ನು ಬಿಗಿಯಾಗಿ ಮುಚ್ಚಿ ಚೀಲದ ತಳಕ್ಕೆ ಸೇರಿಸಿದಳು. ಅವಳದೂ ತಪ್ಪೆನ್ನಲಾರೆ. ಕಡಲೆಕಾಯಿ ಹೊಲಕ್ಕೆ ಹೊರಟ ತಾಯಿಗಾಗಲಿ, ಗಿರಣಿಯ ಹೆಂಗಸಿಗಾಗಲಿ, ಬೆಳಗಿನ ಜಾವದವರೆಗೂ ಮಗುವನ್ನು ಹೆಗಲಲ್ಲಿಟ್ಟು ತಿರುಗಿ ಒಂಬತ್ತು ಘಂಟೆಗೆ ಕಚೇರಿಗೆ ಓಡುವ ಇಂದಿನ ಹುಡುಗಿಗಾಗಲಿ, ಮಗುವಿನ ಮೇಲೆ ಪ್ರೀತಿ ಕಡಿಮೆಯೇ? ದಣಿದ ತಾಯಿಗೆ ಯಾರಾದರೂ ಒಂದು ಘಳಿಗೆ ಕೈ ಕೊಟ್ಟಿದ್ದರೆ ಆ ಸಾಸಿವೆ ಕಾಳಿನ ಕೆಲಸವೇ ಇರುತ್ತಿರಲಿಲ್ಲ. ಮಗುವಿಗೆ ರೋಗವಿದ್ದರೆ ಔಷಧ, ಅದೂ ವೈದ್ಯರು ಹೇಳಿದಷ್ಟು. ಅಳುವಿಗೆ ಔಷಧವಿಲ್ಲ, ಮಡಿಲೇ ಬೇಕು. ಇದನ್ನು ಹೇಳಲು ನನಗೆ ಪದವಿಯೇನೂ ಬೇಕಾಗಿರಲಿಲ್ಲ.

ಗಸಗಸೆ ಪಾಯಸ

ಮಧ್ಯಾಹ್ನದ ಊಟಕ್ಕೆ ಮುಳಬಾಗಿಲಿನ ನಂಟರ ಮನೆಯಲ್ಲಿ ಏರ್ಪಾಡಾಗಿದ್ದಿತು. ಎಲೆಯ ತುದಿಯಲ್ಲಿ ಗಸಗಸೆ ಪಾಯಸ ಬಂದಾಗ ಎಲ್ಲರೂ ಒಮ್ಮೆ ಅತ್ತೆಯವರ ಮುಖ ನೋಡಿದೆವು. ಅದೇ ಗಿಡದ ಬೀಜವಲ್ಲವೇ! ಆದರೆ ಬೀಜಕ್ಕೂ ಕಾಯಿಯ ಹಾಲಿಗೂ ಸಂಬಂಧ ಅಷ್ಟಕ್ಕಷ್ಟೆ. ಹಬ್ಬದ ಊಟದ ಮೇಲೆ ಬರುವ ತೂಕಡಿಕೆಗೆ ಹೋಳಿಗೆ ತುಪ್ಪಗಳದೇ ಹೆಚ್ಚಿನ ಹೊಣೆ. 1985ರ ಕಾಯಿದೆಯೂ ಗಸಗಸೆಯ ಬೀಜವನ್ನು ಹೊರಗಿಟ್ಟಿದೆ. ಆದರೂ ಕೊಲ್ಲಿ ದೇಶಗಳಿಗೂ ಸಿಂಗಪುರಕ್ಕೂ ಹೋಗುವ ಮಕ್ಕಳಿಗೆ ಡಬ್ಬಿಯಲ್ಲಿ ಗಸಗಸೆ ಕಟ್ಟಿಕೊಡುವ ತಾಯಂದಿರು ಎಚ್ಚರದಿಂದಿರಬೇಕು. ಅಲ್ಲಿನ ಕಾನೂನಿಗೆ ನಮ್ಮ ಪಾಯಸದ ರುಚಿ ತಿಳಿಯದು.

“ನೀವೆಲ್ಲ ಯಾಕೆ ಹಾಗೆ ನೋಡ್ತೀರಿ? ಪಾಯಸ ಏನು ಮಾಡುತ್ತೆ? ಇನ್ನೊಂದು ಸೌಟು ಬಡಿಸಮ್ಮಾ” ಎಂದು ಅತ್ತೆಯವರೇ ನಕ್ಕರು. ಆ ನಗೆ ನಮ್ಮೆಲ್ಲರ ಎದೆಯ ಭಾರವನ್ನು ಇಳಿಸಿತು.

ಹಿಂತಿರುಗುವಾಗ ಕೂಸು ಮತ್ತೆ ಅತ್ತಿತು. ಈ ಸಲ ಸೊಸೆ ಚೀಲಕ್ಕೆ ಕೈಹಾಕಲಿಲ್ಲ. ಕೋಲಾರದವರೆಗೆ ಅವಳು, ಅಲ್ಲಿಂದ ನರಸಾಪುರದವರೆಗೆ ಮಗ, ಆಮೇಲೆ ನನ್ನಾಕೆ, ಹೀಗೆ ಸರದಿಯ ಮೇಲೆ ಎತ್ತಿಕೊಂಡರು. ನಾನೂ ನನಗೆ ತಿಳಿದ ಎರಡು ದೇವರನಾಮಗಳನ್ನು ಅಪಸ್ವರದಲ್ಲಿ ಹಾಡಿದೆ. ಕಡೆಗೆ ಹೊಸಕೋಟೆ ಸಮೀಪಿಸುವಾಗ ಕೂಸು ಅತ್ತೆಯವರ ಮಡಿಲಲ್ಲಿ ತನಗೆ ತಾನೇ ನಿದ್ದೆಹೋಯಿತು. ಅತ್ತೆಯವರು ನಿದ್ದೆ ಮಾಡಲಿಲ್ಲ. ಮನೆ ತಲಪುವವರೆಗೂ ಅದರ ಎದೆಯ ಮೇಲೆ ಹಗುರವಾಗಿ ಕೈಯಿಟ್ಟುಕೊಂಡು, ಏರುತ್ತ ಇಳಿಯುತ್ತ ಇದ್ದ ಉಸಿರನ್ನು ನೋಡುತ್ತಲೇ ಇದ್ದರು.

ಮರುದಿನ ಬೆಳಗ್ಗೆ ಅವರು ಮದ್ದಿನ ಪೆಟ್ಟಿಗೆಯನ್ನು ಸೊಸೆಯ ಕೈಗಿತ್ತರು. “ಸಾಣೆಕಲ್ಲು, ಒಳಲೆ ಇಟ್ಟುಕೋ. ಮಿಕ್ಕಿದ್ದನ್ನೆಲ್ಲ ಡಾಕ್ಟರನ್ನ ಕೇಳಿಯೇ ಕೊಡು” ಎಂದರು. ಸೊಸೆ ತೆರೆದು ನೋಡಿದಳು. ಎಲ್ಲವೂ ಇದ್ದವು, ಹಿತ್ತಾಳೆಯ ಆ ಸುಣ್ಣದ ಡಬ್ಬಿಯೊಂದು ಮಾತ್ರ ಇರಲಿಲ್ಲ. ಅದು ಅತ್ತೆಯವರ ಸೆರಗಿನ ಗಂಟಿನಲ್ಲಿದ್ದಿತು. ನಾವು ಯಾರೂ ಕೇಳಲಿಲ್ಲ.